ಅಂಡರ್‌ಸ್ಕೋರ್ ದಾಟಿದ ಕೈ

ಮುನ್ನೂರು ಜೀವ ಉಳಿಸಿದ ಹೀರೋನ ನೋಡಿದ್ದೀರಾ? ನೋಡಿಲ್ಲದಿದ್ದರೆ ಈಗ ನೋಡಿ, ನಾನೇ. ಹಿನ್ನೆಲೆ ಸಂಗೀತ ನೀವೇ ಹಾಕಿಕೊಳ್ಳಿ.

ಚಿಕ್ಕಪ್ಪನ ಹ್ಯಾಚರಿಯಲ್ಲಿ ಮುನ್ನೂರು ಕೋಳಿಮೊಟ್ಟೆಗೆ ಅಂದು ಹತ್ತೊಂಬತ್ತನೇ ದಿನ. ಇನ್ನೆರಡು ದಿನಕ್ಕೆ ಮರಿ. ಇನ್‌ಕ್ಯುಬೇಟರಿನ ಶಾಖ ಕಾಯುವ ಪ್ರೋಗ್ರಾಮ್ ಬರೆದವಳು ಅಕ್ಕ. ಎಷ್ಟು ಶಾಖ ಬೇಕೆಂಬ ಸಂಖ್ಯೆಯನ್ನು ಅವಳು ಕ್ಲಾಸ್ ಎಂಬ ಕೋಡಿನ ಡಬ್ಬಿಯೊಳಗೆ ಇಟ್ಟಿದ್ದಳು: ಮೂವತ್ತೇಳೂವರೆ ಡಿಗ್ರಿ. ಬದಲಿಸುವುದಿದ್ದರೆ ಕಾವಲಿಗೆಂದು ಅವಳು ಬರೆದ ಫಂಕ್ಷನ್ ಎಂಬ ಕೋಡಿನ ಮೂಲಕವೇ ಹೋಗಬೇಕು. ಮೂವತ್ತೆಂಟು ದಾಟಿದ್ದನ್ನು ಅದು ಬಾಗಿಲಲ್ಲೇ ಕತ್ತು ಹಿಡಿದು ಆಚೆ ನೂಕುತ್ತದೆ. ಸಂಖ್ಯೆಯ ಹೆಸರಿನ ಮುಂದೆ ಒಂದು ಅಡಿಗೆರೆ, ಅಂದರೆ ಅಂಡರ್‌ಸ್ಕೋರ್ ಬೇರೆ. ಹೊರಗಿನವರು ನೇರವಾಗಿ ಮುಟ್ಟಬೇಡಿ ಅಂತ ಅದರರ್ಥ. ಬೀಗವಲ್ಲ, ಬರೀ ಮರ್ಯಾದೆ.

ಮಧ್ಯಾಹ್ನ ನಾವು ಮೂವರೂ ಊಟ ಮುಗಿಸಿ ಬರುವಷ್ಟರಲ್ಲಿ ಮೀಟರು ಮೂವತ್ತೊಂಬತ್ತು ತೋರಿಸುತ್ತಿತ್ತು.

"ಏನಮ್ಮಾ ಇದು, ಏರ್ತಾನೇ ಇದೆ!" ಚಿಕ್ಕಪ್ಪ ಮೀಟರಿನತ್ತ ಬೆರಳು ಮಾಡಿದ.

"ಸಾಧ್ಯನೇ ಇಲ್ಲ ಚಿಕ್ಕಪ್ಪ. ನನ್ನ ಫಂಕ್ಷನ್ ಬಿಡಲ್ಲ."

"ಬಿಡಲ್ಲ ಅಂದ್ರೆ ಮೀಟರೇನು ತಮಾಷೆ ಮಾಡ್ತಿದ್ಯಾ?"

ಅಕ್ಕ ಬೇರೇನನ್ನೂ ನೋಡದೆ ಆ ಫಂಕ್ಷನ್ನಿನ ಒಂದೊಂದು ಸಾಲನ್ನೂ ಓದುತ್ತಾ ಕೂತಳು. ತಪ್ಪು ಸಿಗಲಿಲ್ಲ. ಮೂವತ್ತೊಂಬತ್ತೂವರೆ. ನಲವತ್ತು. ಅವಳ ಹಣೆಯ ಬೆವರು ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು.

"ಎಲ್ರೂ ಹಿಂದೆ ಸರೀರಿ!" ಎಂದು ಗುಡುಗಿ ನಾನು ಹೀಟರಿನ ಪ್ಲಗ್ ಕಿತ್ತೆ, ಬಾಗಿಲು ತೆರೆದೆ. ಬಿಸಿಗಾಳಿ ಮುಖಕ್ಕೆ ಬಡಿಯಿತು. ಮೀಟರು ಇಳಿಯತೊಡಗಿತು. ಮೂವರೂ ಉಸಿರು ಬಿಗಿ ಹಿಡಿದೆವು. ಚಿಕ್ಕಪ್ಪ ಒಂದು ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದ. ಒಳಗೆ ಪುಟ್ಟ ಕೊಕ್ಕಿನ ನೆರಳು ಮಿಸುಕಾಡಿತು. ಇನ್ನೊಂದು ಹಿಡಿದ. ಅದರಲ್ಲೂ ಮಿಸುಕಾಟ.

"ಜೀವ ಇದೆ ಕಣೋ! ಭಲೇ ಮಗನೇ!" ಎಂದು ನನ್ನ ಬೆನ್ನಿಗೆ ಗುದ್ದಿದ. ಆಮೇಲೆ ಅಕ್ಕನ ಕಡೆ ತಿರುಗಿದ. "ನೀನು ಮಾತ್ರ ನಿನ್ನ ಪ್ರೋಗ್ರಾಮ್ ಕಿತ್ತು ಹಾಕಮ್ಮಾ. ಇನ್ಮೇಲೆ ಶಾಖ ನಾನೇ ಕೂತು ನೋಡ್ಕೋತೀನಿ."

ಅಕ್ಕನದು ಮೂರು ತಿಂಗಳ ಕೆಲಸ. ಡಿಲೀಟ್ ಕೀ ಮೇಲೆ ಬೆರಳಿಟ್ಟು, "ಎಲ್ಲಿ ತಪ್ಪಿದೆ ಅಂತ ನಂಗೇ ಗೊತ್ತಾಗ್ತಿಲ್ಲ" ಎಂದಳು.

ಹೀರೋ ಓಡಿಬಂದು ಅವಳ ಕೈ ಹಿಡಿದ.

"ಅಕ್ಕಾ, ಒತ್ಬೇಡ. ನಿನ್ನ ಫಂಕ್ಷನ್ ಸರಿಯಾಗೇ ಇದೆ. ನಾನು ಅದರ ಮೂಲಕ ಹೋಗ್ಲೇ ಇಲ್ಲ."

"ಏನಂದೆ?"

"ನೀನು ಊಟಕ್ಕೆ ಎದ್ದಾಗ ಅಂಡರ್‌ಸ್ಕೋರ್ ಇದ್ದ ಸಂಖ್ಯೆಗೆ ನೇರವಾಗಿ ಎಪ್ಪತ್ಮೂರು ಅಂತ ಬರೆದೆ. ಸ್ಕ್ರೀನ್ ನೋಡಿ ನೀನು ಕಿರಿಚ್ಕೋಬೇಕು ಅಂತ, ಅಷ್ಟೇ. ಹೀಟರೂ ಅದನ್ನೇ ಓದುತ್ತೆ ಅಂತ ಗೊತ್ತಿರ್ಲಿಲ್ಲ."