ಆಡಮನ ಮಗಳು ಎಮ್ಮಾ

ಬೂಟಿನ ಮಣ್ಣನ್ನೂ ಕೊಡವದೆ ಕಲ್ಮೇಶ್ ನೇರವಾಗಿ ಅಡುಗೆಮನೆಗೆ ಬಂದು ಹೆಂಡತಿ ರೇಣುಕಾದೇವಿಯ ಎದುರು ಅಂಗೈ ಬಿಚ್ಚಿದ.

"ಗುಂಡಿ ಅಲ್ಲ, ನಾಣ್ಯ ಅಲ್ಲ. ಏನಿದು ಹೇಳು ನೋಡೂಣು."

ಬಾದಾಮಿಯ ಆಕಾರದ, ಹಸಿರುಗಟ್ಟಿದ ತಾಮ್ರದ ಬಿಲ್ಲೆ. ಹಿಂಬದಿಯಲ್ಲಿ ದಾರ ಪೋಣಿಸಲೆಂಬಂತೆ ಸಣ್ಣ ಕೊಂಡಿ. ಮುಂಭಾಗದ ನಡುವೆ ಒಂದು ಹೂವು, ಅದರ ಸುತ್ತ ಏನೋ ಕೆತ್ತನೆ.

ಡೇಟಾ ಸೆಂಟರಿನಲ್ಲಿ ವಾರವಿಡೀ ಯಂತ್ರಗಳ ಗುಂಯ್‌ಗುಟ್ಟುವಿಕೆಯಲ್ಲಿ ಕಳೆಯುವ ಕಲ್ಮೇಶನಿಗೆ ಶನಿವಾರ ಬಂತೆಂದರೆ ಮೆಟಲ್ ಡಿಟೆಕ್ಟರ್ ಹೆಗಲಿಗೇರಬೇಕು. ವರ್ಜೀನಿಯಾದ ಆಲ್ಡಿ ಎಂಬ ಊರಿನ ಹೊರವಲಯದಲ್ಲಿ ಲೊರೇನ್ ಎಂಬ ವೃದ್ಧೆಯ ಹೊಲವಿತ್ತು. ಮನೆ ಕಟ್ಟುವ ಕಂಪನಿಯೊಂದು ಅದನ್ನು ಕೊಳ್ಳುವುದರಲ್ಲಿತ್ತು. ಬುಲ್ಡೋಜರ್ ಬರುವ ತನಕ ಹುಡುಕು, ಸಿಕ್ಕಿದ್ದನ್ನೆಲ್ಲ ನನಗೆ ತೋರಿಸು ಎಂದು ಆಕೆ ಒಪ್ಪಿಗೆ ಕೊಟ್ಟಿದ್ದಳು. ಇದುವರೆಗೆ ಸಿಕ್ಕಿದ್ದು ಮೊಳೆ, ಲಾಳ, ಬಂದೂಕಿನ ಗುಂಡು ಇಷ್ಟೇ.

"ಫೋಟೋ ಹಾಕಿದ್ದೆ. ನಮ್ಮ ಡಿಟೆಕ್ಟರ್ ಕ್ಲಬ್ಬಿನವರು ರಶಿಯನ್ ಪದಕ ಅಂತಾರ," ಎಂದ ಕಲ್ಮೇಶ್. "ಅಕ್ಷರ ಒಂದೂ ಓದಾಕ ಬರವಲ್ದು."

ರೇಣುಕಾದೇವಿ ಹತ್ತಿರದ ಸ್ಟರ್ಲಿಂಗ್ ಊರಿನಲ್ಲಿ ಹಲ್ಲಿನ ಡಾಕ್ಟರು. ಬಿಲ್ಲೆಯನ್ನು ನೀರಿನಲ್ಲಿ ಅದ್ದಿಟ್ಟು, ಮಣ್ಣು ತಾನಾಗಿ ಬಿಡುವ ತನಕ ಕಾದು, ಕೆಲಸಕ್ಕೆ ಬಳಸುವ ಭೂತಗನ್ನಡಿಯ ಕನ್ನಡಕ ಹಾಕಿಕೊಂಡು ನೋಡಿದಳು. ಅಕ್ಷರಗಳು ಎಡವಟ್ಟಾಗಿ ಕಂಡವು. ಆದರೆ ಆ ಎಡವಟ್ಟು ಅವಳಿಗೆ ತೀರ ಪರಿಚಿತವಾದದ್ದು. ದಿನವಿಡೀ ಹಲ್ಲಿನ ಹಿಂಬದಿಯನ್ನು ಕನ್ನಡಿಯಲ್ಲಿ ನೋಡುವವಳು ಅವಳು. ಬ್ಯಾಗಿನಿಂದ ಪುಟ್ಟ ಕನ್ನಡಿ ತೆಗೆದು ಬಿಲ್ಲೆಯ ಪಕ್ಕಕ್ಕೆ ಹಿಡಿದಳು.

"ರೀ, ಇಲ್ಲಿ ಬರ್ರಿ ಲಗೂನ."

ಕನ್ನಡಿಯೊಳಗೆ ಅಕ್ಷರಗಳು ನೆಟ್ಟಗಾಗಿದ್ದವು. ಇಂಗ್ಲಿಷ್ ಲಿಪಿ, ಸ್ವಲ್ಪ ಹೊಟ್ಟೆ ಉಬ್ಬಿದ ಹಳೇ ಮಾದರಿ.

"ಇದನ್ನ ಬೇಕಂತಲೇ ತಿರುವಿ ಕೆತ್ಯಾರ. ಪದಕ ಅಲ್ರೀ ಇದು. ಒತ್ತೋ ಮೊಹರು."

ಕಲ್ಮೇಶ್ ಕುರ್ಚಿ ಎಳೆದುಕೊಂಡು ಕೂತ. ಹಲ್ಲಿನ ಅಚ್ಚು ತೆಗೆಯುವ, ಹಿಟ್ಟಿನಂಥ ನೀಲಿ ಪುಟ್ಟಿಯನ್ನು ರೇಣುಕಾದೇವಿ ಕಲಸಿ, ಬಿಲ್ಲೆಯ ಮೇಲೆ ಹಗುರವಾಗಿ ಕೂರಿಸಿದಳು. ಅದು ಗಟ್ಟಿಯಾಗುವ ತನಕ ಇಬ್ಬರೂ ಬಗ್ಗಿ ನೋಡುತ್ತ ಕೂತರು. ಬಿಡಿಸಿದಾಗ ಹೂವಿನ ಒಂದೊಂದು ಎಸಳೂ ಎದ್ದು ನಿಂತಿತ್ತು. ಸುತ್ತ ಒಂದು ಶಿಲುಬೆ, ಅದರ ಮುಂದೆ ಸಾಲಾಗಿ ಅಕ್ಷರ. ಕೂಡಿಸಿ ಓದಿದರೆ 'ಸೆಮ್ಮೆಫಿಲಾಡೆ'.

ಫೋನಿನಲ್ಲಿ ಎಷ್ಟು ಹುಡುಕಿದರೂ ಅಂಥದೊಂದು ಪದ ಸಿಗಲಿಲ್ಲ. "ಯಾವುದೋ ಇಟಲಿ ಕಂಪನಿ ಇರಬೇಕ," ಎಂದು ಕಲ್ಮೇಶ್ ಕೈಚೆಲ್ಲಿದ. ರೇಣುಕಾದೇವಿಗೆ ಮಾತ್ರ ಮನಸ್ಸು ನಿಲ್ಲಲಿಲ್ಲ. ಶಿಲುಬೆ ಇದ್ದಲ್ಲಿ ಲ್ಯಾಟಿನ್ ಇರಬಹುದಲ್ಲ ಎನ್ನಿಸಿ ಗೆಳತಿ ಮೈಥಿಲಿಗೆ ಫೋನ್ ಮಾಡಿದಳು. ಮೈಸೂರಿನಲ್ಲಿ ಸಂಸ್ಕೃತ ಎಂ.ಎ. ಮಾಡಿದ್ದ ಮೈಥಿಲಿ, ಇಲ್ಲಿಗೆ ಬಂದ ಮೇಲೆ ಹಟ ಹಿಡಿದು ಲ್ಯಾಟಿನ್ ಕಲಿತು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು. ಅರ್ಧ ಕುಡಿದ ಕಾಫಿ ಬಿಟ್ಟು ಬಂದಿದ್ದಳೇನೋ, ಅಷ್ಟು ಬೇಗ ಬಾಗಿಲಲ್ಲಿದ್ದಳು.

ನೀಲಿ ಅಚ್ಚನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. "ಎಸ್ ಆದ್ಮೇಲೆ ಒಂದು ಸಣ್ಣ ಗೀಟಿದೆ, ನೋಡಿದ್ಯಾ ರೇಣುಕಾ? ಎಲ್ ಆದ್ಮೇಲೂ ಇದೆ. ಇದು ಒಂದೇ ವರ್ಡ್ ಅಲ್ಲ. ಶಾರ್ಟ್ ಮಾಡಿ ಬರ್ದಿದಾರೆ. ಎಸ್ ಅಂದ್ರೆ ಸಿಗಿಲ್ಲುಮ್. ಮುದ್ರೆ ಅಂತ."

"ಆಮ್ಯಾಲಿಂದು?"

"ಆಮೇಲೆ ಎಮ್ಮೆ."

"ಎಮ್ಮಿ?" ಎಂದ ಕಲ್ಮೇಶ್. ರೇಣುಕಾದೇವಿ ನಕ್ಕು ನಕ್ಕು ಮೇಜು ಹಿಡಿದುಕೊಂಡಳು.

"ಅಯ್ಯೋ, ಆ ಎಮ್ಮೆ ಅಲ್ಲಪ್ಪಾ. ಎಮ್ಮಾ ಅಂತ ಹೆಸರು, ಅದರ ಷಷ್ಠಿ ವಿಭಕ್ತಿ. ಎಮ್ಮಾಳ. ಫಿಲ್ ಅಂದ್ರೆ ಮಗಳು. ಅಡೆ ಅಂದ್ರೆ ಆಡಮನ." ಮೈಥಿಲಿ ಅಚ್ಚನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಆಡಮನ ಮಗಳು ಎಮ್ಮಾಳ ಮುದ್ರೆ."

ರೇಣುಕಾದೇವಿ ಅಚ್ಚನ್ನು ತನ್ನತ್ತ ಎಳೆದುಕೊಂಡಳು. ಯಾರೋ ರಾಜನದು, ಪಾದ್ರಿಯದು ಇರಬಹುದೆಂದುಕೊಂಡಿದ್ದಳು. ಇದು ಹೆಣ್ಣುಮಗಳೊಬ್ಬಳದು. ಹೆಸರೂ ಇದೆ, ಅಪ್ಪನ ಹೆಸರೂ ಇದೆ.

ಮರುದಿನ ಬೆಳಗ್ಗೆ ಮೈಥಿಲಿಯ ಪರಿಚಯದಿಂದ ಇಂಗ್ಲೆಂಡಿನ, ಹಳೇ ಮುದ್ರೆಗಳ ತಜ್ಞೆಯೊಬ್ಬರು ವಿಡಿಯೋ ಕರೆಗೆ ಸಿಕ್ಕರು. ಅಕ್ಷರದ ವರಸೆ, ಬಾದಾಮಿಯ ಆಕಾರ ನೋಡಿ, ಸುಮಾರು ಏಳು ನೂರು ವರ್ಷದ್ದು ಎಂದರು. ಆ ಕಾಲಕ್ಕೆ ಇಂಗ್ಲೆಂಡಿನ ಸಾಧಾರಣ ರೈತರೂ ಮೊಹರು ಇಟ್ಟುಕೊಳ್ಳುತ್ತಿದ್ದರಂತೆ. ಹೊಲ ಕೊಡುವಾಗ, ಕೊಳ್ಳುವಾಗ ಎಮ್ಮಾ ಬಿಸಿ ಮೇಣದ ಮೇಲೆ ಇದನ್ನು ಒತ್ತಿರಬಹುದು. ಅದು ವರ್ಜೀನಿಯಾಕ್ಕೆ ಬಂದದ್ದು ಹೇಗೆ ಎಂದರೆ ಅವರು ಗೊತ್ತಿಲ್ಲವೆಂದರು. ಆಮೇಲೆ ಕೇಳಿದರು, ಇದು ಸಿಕ್ಕ ಗುಂಡಿಯಲ್ಲಿ ಬೇರೇನಾದರೂ ಇತ್ತೇ?

ಕಲ್ಮೇಶ್ ಕಾರಿನಿಂದ ಡಬ್ಬಿ ತಂದು, ಹೊಲದ ಮೂಲೆಯ ಆ ಗುಂಡಿಯಲ್ಲೇ ಸಿಕ್ಕಿದ್ದ ಬಿಳಿ ಮಣ್ಣಿನ ಒಡೆದ ಕೊಳವೆ ಚೂರುಗಳನ್ನು ತೋರಿಸಿದ. ತಜ್ಞೆ ಪರದೆಯ ಹತ್ತಿರಕ್ಕೆ ಬಾಗಿದರು. ಅವು ಹಳೇ ವಲಸಿಗರು ತಂಬಾಕು ಸೇದುತ್ತಿದ್ದ ಚಿಲುಮೆಗಳು. ಅಲ್ಲಿ ಯಾರದೋ ಮನೆ ಇದ್ದಿರಬಹುದು, ಮುತ್ತಾತನ ಕಾಲದ ವಸ್ತುವೆಂದು ಇದನ್ನು ಜತೆಗೆ ತಂದಿರಬಹುದು. ಖಚಿತವಾಗಿ ಹೇಳಲಾಗದು, ಆದರೆ ಬಲ್ಲವರು ಆ ಮೂಲೆಯನ್ನು ಅಗೆದು ನೋಡಬೇಕು ಎಂದರು.

"ಈ ವಾರ ಹೊಲ ಸೇಲ್ ಆಗಿಹೋಗತೈತಿ," ಎಂದ ಕಲ್ಮೇಶ್. "ಆಮ್ಯಾಲೆ ಅಲ್ಲಿ ರೋಡ್ ಬರತೈತಿ."

"ಮತ್ತ ಕುಂತೀರಲ್ಲ, ಏಳ್ರಿ," ಎಂದಳು ರೇಣುಕಾದೇವಿ, ಕೈಯಲ್ಲಿ ಆಗಲೇ ಕಾರಿನ ಕೀಲಿ.

ಲೊರೇನ್ ವರಾಂಡದಲ್ಲಿ ಕೂತು ಕಥೆಯನ್ನೆಲ್ಲ ಕೇಳಿದಳು. ಮೊಹರನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. ಆ ಮೂಲೆಯಲ್ಲಿ ಟ್ರ್ಯಾಕ್ಟರ್ ಹೊಡೆವಾಗೆಲ್ಲ ಗಂಡ ಕಲ್ಲು ತಾಗಿ ಬೈಯುತ್ತಿದ್ದನೆಂದು ಹೇಳಿ, ಒಳಗೆ ಹೋಗಿ ವಕೀಲರಿಗೆ ಫೋನ್ ಮಾಡಿದಳು. ಕಿಟಕಿಯಾಚೆ ಆಕೆಯ ದನಿ ಏರುತ್ತಿದ್ದುದು ಕೇಳುತ್ತಿತ್ತು. ಆ ಮೂಲೆ ಬಿಟ್ಟು ಉಳಿದದ್ದು ಮಾರುತ್ತೇನೆ, ಒಪ್ಪದಿದ್ದರೆ ಮಾರುವುದೇ ಇಲ್ಲ.

ಕಂಪನಿ ಒಂದಿಷ್ಟು ಎಳೆದಾಡಿ ಕೊನೆಗೆ ಒಪ್ಪಿತು. ವಸಂತದಲ್ಲಿ ಇತಿಹಾಸ ಸಂಘದವರು ಬಂದು ಹಗ್ಗ ಕಟ್ಟಿ ಅಗೆದರು. ರೇಣುಕಾದೇವಿಗೂ ಒಂದು ಕರಣೆ ಕೊಟ್ಟರು. ಹಲ್ಲಿನ ಬುಡ ಕೆರೆಯುವ ಕೈ ಅದು. ಮೆತ್ತಗೆ, ಪದರ ಪದರವಾಗಿ ಕೆರೆಯುತ್ತ ಹೋದಂತೆ ಒಂದು ಕಲ್ಲು, ಪಕ್ಕದಲ್ಲಿ ಇನ್ನೊಂದು, ಮೂರನೆಯದು ಅದಕ್ಕೆ ಹೊಂದಿಕೊಂಡೇ ಕಂಡಿತು. ಕಲ್ಲುಗಳ ನಡುವೆ ಮಣ್ಣು ಸುಟ್ಟು ಕೆಂಪಾಗಿತ್ತು, ಬೂದಿ ಇನ್ನೂ ಬೆರಳಿಗೆ ಹತ್ತುತ್ತಿತ್ತು.

"ಒಲಿ ಐತ್ರೀ ಇದು," ಎಂದು ಕೂಗಿದಳು. "ಯಾರದೋ ಮನಿ ಒಲಿ."

ಕಲ್ಮೇಶ್ ಓಡಿ ಬಂದ. ಮೈಥಿಲಿ ಹಗ್ಗ ದಾಟಿ ಬಂದೇಬಿಟ್ಟಳು. ಲೊರೇನ್ ಮಡಚುವ ಕುರ್ಚಿಯಿಂದ ಎದ್ದು, ಕಲ್ಮೇಶನ ತೋಳು ಹಿಡಿದು, ಕೆಸರಿನಲ್ಲಿ ನಿಧಾನಕ್ಕೆ ಹೆಜ್ಜೆ ಇಡುತ್ತ ಗುಂಡಿಯ ಅಂಚಿನವರೆಗೂ ಬಂದು ನಿಂತಳು.