ಕೆಂಚಕ್ಕನ ಡಾಬಿನ ತೂಕ

ಧರ್ಮಪುರ ಹೋಬಳಿಯಲ್ಲಿ ಕೆಂಚಕ್ಕ ಒಮ್ಮೆ ಸೀನಿದರೆ ಆಂಧ್ರದ ಗಡಿಯಾಚೆ ಕಾವಿಗೆ ಕೂತ ಕೋಳಿಗಳು ಎದ್ದು ಓಡುತ್ತಿದ್ದವು. ಇನ್ನು ಅವಳು ಮೊಮ್ಮಗನನ್ನು ಹೊಗಳಲು ನಿಂತರೆ ಕೇಳಬೇಕೇ? ಎರಡು ವರ್ಷ ತುಂಬದ ಮಾರುತೇಶ ಅವಳ ಬಾಯಲ್ಲಿ ಆಗಲೇ ನಾಲ್ವರು ಜಟ್ಟಿಗಳನ್ನು ಚಿತ್ ಮಾಡಿ, ಒಂದು ಟ್ರ್ಯಾಕ್ಟರನ್ನು ಹಿಂದಕ್ಕೆ ತಳ್ಳಿದ್ದ. ನಿಜವಾದ ಮಾರುತೇಶನೋ, ಶೇಂಗಾ ಹೊಟ್ಟಿನ ರಾಶಿಯ ಮೇಲೆ ಕೂರಿಸಿದರೆ ಗಾಳಿಗೆ ಹೊಟ್ಟಿಗಿಂತ ಮೊದಲು ಹಾರಿಹೋಗುವಂತಿದ್ದ. ಸೊಸೆ ಚೌಡೇಶ್ವರಿ ಬೆಳಗಾದರೆ ಕೂಲಿಗೆ. ಮಗು ಅಜ್ಜಿಯ ಪಾಲಿಗೆ. ಅತ್ತರೆ ಟೀಯಲ್ಲಿ ಅದ್ದಿದ ಬನ್ನು, ನಕ್ಕರೂ ಟೀಯಲ್ಲಿ ಅದ್ದಿದ ಬನ್ನು.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳ ತೂಕ. ಟೀಚರ್ ಮೇಘಶ್ರೀ ತೊಲೆಗೆ ತಕ್ಕಡಿ ನೇತುಹಾಕಿ, ಅದರ ಬಟ್ಟೆಯ ಜೋಲಿಯಲ್ಲಿ ಕೂಸುಗಳನ್ನು ಕೂರಿಸಿ, ಗೋಡೆಯ ಪಟದಲ್ಲಿ ಹೆಸರಿನ ಮುಂದೆ ಚೀಟಿ ಅಂಟಿಸುತ್ತಿದ್ದಳು. ತೂಕ ಸರಿಯಿದ್ದರೆ ಹಸಿರು, ಕಮ್ಮಿಯಿದ್ದರೆ ಹಳದಿ. ಹಳದಿ ಮಕ್ಕಳಿಗೆ ಹೆಚ್ಚಿನ ಮೊಟ್ಟೆ, ಹಾಲು, ಜೊತೆಗೆ ಡಾಕ್ಟರ ತಪಾಸಣೆ.

ಕೆಂಚಕ್ಕನಿಗೆ ಹಳದಿಯೆಂದರೆ ವಂಶದ ಮುಖಕ್ಕೆ ಬಳಿದ ಮಸಿ. ಅದೂ ಅಲ್ಲದೆ, ನಾಲ್ಕು ಜನರೆದುರು ಕೂಸನ್ನು ಬರಿಮೈಯಲ್ಲಿ ತೂಗಿದರೆ ಕಣ್ಣು ಬೀಳುತ್ತದೆ, ಮೈಮೇಲೆ ಬೆಳ್ಳಿ ಇರಲೇಬೇಕು ಎಂಬುದು ಆ ಊರ ಅಜ್ಜಿಯರ ಕಟ್ಟಳೆ. ಉಳಿದವರು ಎಳೆಯಷ್ಟು ಉಡಿದಾರ ಕಟ್ಟಿ ತಂದರೆ, ಕೆಂಚಕ್ಕ ಎಳೆಗೆ ಸೋಲುವವಳೇ? ತನ್ನ ಮದುವೆಯ ಬೆಳ್ಳಿ ಡಾಬನ್ನೇ ಮಗುವಿನ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಮೇಲೆ ದೊಗಳೆ ಅಂಗಿ ಹಾಕಿ ತಂದಳು. ಆ ಡಾಬನ್ನು ತವರಿನಿಂದ ತರುವಾಗ ಗಾಡಿಯ ಅಚ್ಚು ಮುರಿದಿತ್ತಂತೆ.

"ಅಂಗಿ ತೆಗೀರಿ ಕೆಂಚಕ್ಕ," ಎಂದಳು ಮೇಘಶ್ರೀ.

"ನೆಗಡಿ ಆದ್ರೆ ರಾತ್ರಿಯೆಲ್ಲ ನೀವು ಬಂದು ತೊಟ್ಲು ತೂಗ್ತೀರೇನ್ರಿ ಟೀಚರಮ್ಮ?"

ಮೇಘಶ್ರೀ ಮಗುವನ್ನು ಅಂಗಿಸಮೇತ ಜೋಲಿಯಲ್ಲಿ ಕೂರಿಸಿದಳು. ತಕ್ಕಡಿಯ ಮುಳ್ಳು ಜಿಗಿಯಿತು. ಹಸಿರು!

ಪಕ್ಕದ ಮನೆಯ ಹನುಮಮ್ಮನ ಮೊಮ್ಮಗಳು ಸುಪ್ರಿಯಾಗೆ ಹಳದಿ ಬಂತು. ಕೆಂಚಕ್ಕ ಬಿಟ್ಟಾಳೆಯೇ? "ಏನೇ ಹನುಮಿ, ನಿನ್ ಮೊಮ್ಮಗಳಿಗೆ ಈಗ್ಲೇ ಅರಿಶಿನ ಶಾಸ್ತ್ರ ಮಾಡಿಬಿಟ್ರಾ?"

"ಮಾಡ್ಲಿ ಬಿಡೆ. ಶಾಸ್ತ್ರದ ಊಟದಾಗೆ ಮೊಟ್ಟೆ ಐತೆ."

ಆ ಮೊಟ್ಟೆಯೇ ಕೆಂಚಕ್ಕನಿಗೆ ಮುಳುವಾಯಿತು. ಶೇಂಗಾ ಸುಗ್ಗಿ ಮುಗಿಯುವಷ್ಟರಲ್ಲಿ ಸುಪ್ರಿಯಾಳ ಕೆನ್ನೆ ಎಷ್ಟು ಉಬ್ಬಿತೆಂದರೆ ಅವಳು ನಕ್ಕರೆ ಕಣ್ಣು ಹುಡುಕಬೇಕಿತ್ತು. ಇತ್ತ ಮಾರುತೇಶನಿಗೆ ಕೆಮ್ಮು ಹೋದರೆ ಜ್ವರ, ಜ್ವರ ಹೋದರೆ ಭೇದಿ. ಪಟದಲ್ಲಿ ಮಾತ್ರ ಅವನು ಹಚ್ಚಹಸಿರು. ತೂಕದ ದಿನ ಮನೆಗೆ ಬಂದು ಡಾಬು ಬಿಚ್ಚಿದರೆ ಸೊಂಟದಲ್ಲಿ ಕೆಂಪು ಬರೆ, ಅದರ ಮೇಲೆ ಎದ್ದು ಕಾಣುವ ಪಕ್ಕೆಲುಬು. ಕೆಂಚಕ್ಕ ಬೇಗ ಅಂಗಿ ಎಳೆದುಬಿಡುತ್ತಿದ್ದಳು.

ಒಂದು ದಿನ ಅಂಗನವಾಡಿಯ ಅಂಗಳದಲ್ಲಿ ಸುಪ್ರಿಯಾ ಮಾರುತೇಶನ ಕೈಲಿದ್ದ ಬನ್ನನ್ನು ಹಿಡಿದೆಳೆದಳು. ಬನ್ನಿನ ಜೊತೆ ಹುಡುಗನೂ ಬಂದ. ಬೋರಲು ಬಿದ್ದ. ಬಾಯಿ ತೆರೆದ, ಆದರೆ ಅಳು ಹೊರಗೆ ಬರಲಿಲ್ಲ. ಅಳುವುದಕ್ಕೂ ತ್ರಾಣ ಬೇಕಲ್ಲ! ಕೆಂಚಕ್ಕ ಓಡಿ ಹೋಗಿ ಎತ್ತಿಕೊಂಡಳು. ಅಂದು ಡಾಬಿರಲಿಲ್ಲ. ತೋಳಿನ ಮೇಲೆ ಏನೂ ಇಲ್ಲದಂತಾಯಿತು. ಹೋಬಳಿಯನ್ನೇ ಗಡಗಡಿಸುವ ಆ ಬಾಯಿ ಸಂಜೆಯವರೆಗೆ ಬಿಚ್ಚಲಿಲ್ಲ. ಕೆಂಚಕ್ಕ ಸತ್ತಳೇನೋ ಎಂದು ಊರವರು ಬಂದು ಇಣುಕಿ ಹೋದರು.

ಮುಂದಿನ ತೂಕದ ದಿನ ಅಜ್ಜಿಯರೆಲ್ಲ ಸಾಲಾಗಿ ಕೂತಿದ್ದರು. ಕೆಂಚಕ್ಕ ನಡುವೆ ನಿಂತು ಮಾರುತೇಶನ ಅಂಗಿ ಕಳಚಿದಳು. ಡಾಬು ಬಿಚ್ಚಿ ಹನುಮಮ್ಮನ ಮಡಿಲಿಗೆ ಧೊಪ್ಪನೆ ಹಾಕಿದಳು.

"ಹಿಡ್ಕಳೇ. ಟೀಚರಮ್ಮ, ಈಗ ತೂಗ್ರಿ."

ಮುಳ್ಳು ಕೆಳಗಿಳಿಯಿತು, ಇನ್ನೂ ಇಳಿಯಿತು. ಮೇಘಶ್ರೀ ಒಮ್ಮೆ ಮುಳ್ಳನ್ನೂ ಒಮ್ಮೆ ಡಾಬನ್ನೂ ನೋಡಿದಳು.

"ಇಷ್ಟು ದಿನ ನಾನು ತೂಗಿದ್ದು ಯಾರನ್ನ ಕೆಂಚಕ್ಕ?"

"ನನ್ ಮದುವೇನ ಕಣ್ರಿ. ಹಳದಿ ಅಂಟಿಸ್ರಿ. ಅಂಗೈ ಅಗಲದ್ದೇ ಅಂಟಿಸ್ರಿ, ಹೊಳಲ್ಕೆರೆಗೂ ಕಾಣ್ಲಿ. ನನ್ ಕೂಸಿಗೆ ಮೊಟ್ಟೆ ಕೊಡ್ರಿ."

ಹನುಮಮ್ಮ ಡಾಬನ್ನು ತಟ್ಟುತ್ತ ಕೇಳಿದಳು: "ಅರಿಶಿನ ಶಾಸ್ತ್ರಕ್ಕೆ ನಮ್ಮುನ್ನೂ ಕರೀತೀಯೇನೇ ಕೆಂಚಿ?"

"ಬಾರೇ. ನೀನೇ ಮುಂದೆ ನಿಂತು ಮಾಡು."

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕಿಣಿಕಿಣಿ ಸದ್ದು. ಕೊಟ್ರಮ್ಮ ಗೋಡೆಗೆ ಮುಖ ಮಾಡಿ ಮೊಮ್ಮಗನ ಕಾಲ್ಗಡಗ ಬಿಚ್ಚುತ್ತಿದ್ದಳು. ಅವಳ ಪಕ್ಕದವಳ ಕೈಯೂ ಕೂಸಿನ ಅಂಗಿಯೊಳಗೆ ಹೋಯಿತು. ಅಂದು ಅಲ್ಲಿ ಎದ್ದ ಬೆಳ್ಳಿಯ ಸದ್ದಿಗೆ ಹಿರಿಯೂರಿನ ಅಕ್ಕಸಾಲಿಗರು ಅಂಗಡಿ ಬಿಟ್ಟು ಬೀದಿಗೆ ಬಂದರು. ಗೋಡೆಯ ಪಟ ಸೂರ್ಯಕಾಂತಿ ಹೊಲದಂತಾಯಿತು.

ಡಾಕ್ಟರು ನೋಡಿ ಔಷಧಿ ಕೊಟ್ಟರು. ಟೀ-ಬನ್ನು ನಿಂತು ಮೊಟ್ಟೆ, ಹಾಲು, ರಾಗಿ ಗಂಜಿ, ಶೇಂಗಾ ಉಂಡೆ ಶುರುವಾದವು. ಬೇಸಿಗೆ ಕಳೆದು ಮತ್ತೆ ಶೇಂಗಾ ಬಿತ್ತುವ ಹೊತ್ತಿಗೆ ಮಾರುತೇಶ ಅಳಲು ಕಲಿತ. ಎಂಥ ಅಳು! ಅಜ್ಜಿಯ ಸೀನಿಗೆ ಏಳದೆ ಉಳಿದಿದ್ದ ಕೋಳಿಗಳೂ ಅವನ ಅಳುವಿಗೆ ಎದ್ದವು.

ಆ ತಿಂಗಳ ತೂಕದ ದಿನ ಅವನು ಬರಿಮೈಯಲ್ಲಿ ಜೋಲಿಯೇರಿದ. ಕೆನ್ನೆಯ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು ಬಿಟ್ಟರೆ ಮೈಮೇಲೆ ಬೇರೇನಿಲ್ಲ. ಮುಳ್ಳು ಹಸಿರಿನ ತೂಕಕ್ಕೆ ಬಂದು ನಿಂತಿತು. ಚೀಟಿ ಅಂಟಿಸಲು ಹೊರಟ ಮೇಘಶ್ರೀಯ ಕೈಯನ್ನು ಕೆಂಚಕ್ಕ ತಡೆದಳು.

"ಟೀಚರಮ್ಮ, ಆ ಬೊಟ್ಟಿನ ತೂಕ ಕಳೆದು ನೋಡ್ರಿ. ಆಮೇಲೆ ಈ ಹನುಮಿ ಬಾಯಿಗೆ ಬೀಳಾಕೆ ನನ್ ಕೈಲಿ ಆಗಾಕಿಲ್ಲ."