ಸೊನ್ನೆ ತೋರಿಸುವ ಬಾವಿ

ಉಬ್ಬಿತು, ಅಲ್ಲ, ಉಬ್ಬಿದ ಹಾಗೆ ಕಂಡಿತು, ಕಿಟಕಿಯ ಗಾಜೇ ಸೊಟ್ಟಗಿರಬೇಕು, ಆಚೆ ಎಣ್ಣೆ ಬಾವಿಯ ಬುಡದಲ್ಲಿ ಏನೋ ಹಳದಿ, ಇಳಿಯಿತು, ಇರಲಿ, ಪರದೆಯ ಮೇಲೆ ಸೊನ್ನೆ ಇದೆಯಲ್ಲ, ಅನಿಲ ಸೋರಿಕೆ ಸೊನ್ನೆ, ಹೋದ ತಿಂಗಳೆಲ್ಲ ಅಂಕಿ ಕುಣಿಯುತ್ತಿತ್ತು, ಬಾವಿಗೆ ಬಣ್ಣ ಬಳಿದ ಮೇಲೆ ಸೊನ್ನೆ, ಬಣ್ಣ ಬಳಿದರೆ ಸೋರುವುದು ನಿಲ್ಲುತ್ತದೆಯೇ, ಹಾಗಿದ್ದರೆ ನೆಗಡಿಗೆ ನನ್ನ ಮೂಗಿಗೂ ಎರಡು ಕೋಟು ಹೊಡೆಸಬಹುದಿತ್ತು. ನೋಡಿದ್ಯೇನೋ, ಹೇಗೆ ತೆಪ್ಪಗಿದೆ ನನ್ನ ಬಾವಿ — ಇದು ಬೆಳಿಗ್ಗೆ ಇಲ್ಲಿಗೆ ಬಂದಿದ್ದ ಭಾವ, ಅಕ್ಕನ ಗಂಡ, ಇಲ್ಲಿನ ಮ್ಯಾನೇಜರು, ಗಂಟಲಲ್ಲಿ ಜಲ್ಲಿ ಉರುಳುವ ದನಿ, ಅವರ ಮದುವೆಯ ಹೊಸದರಲ್ಲಿ ಅದೇ ದನಿ ಅಣಕಿಸಿ ನಾನು ಬಚ್ಚಲಿಂದ ಟವಲು ಕೊಡೇ ಎಂದು ಕೂಗಿದ್ದೆ, ಓಡಿ ಬಂದ ಅಕ್ಕ ಟವಲಿನಲ್ಲೇ ಬಾರಿಸಿದ್ದಳು, ಅದೇ ಅಕ್ಕ ನಿನ್ನೆ ಫೋನಿನಲ್ಲಿ, ಪರಿಸರ ಕಾಪಾಡೋದ್ರಲ್ಲಿ ನಿಮ್ ಬಾವೀನೇ ಮೊದಲಂತೆ ಕಣೋ, ಇವರನ್ನ ದೊಡ್ಡ ಆಫೀಸಿಗೆ ಕರ್ಕೋತಾರಂತೆ, ನೀನು ಕಡ್ಡಿ ಆಡಿಸ್ಬೇಡ. ನಾನೆಲ್ಲಿ ಆಡಿಸುತ್ತೇನೆ, ಅಳೆಯುವವನು ನಾನು, ಆದರೂ ಸೊನ್ನೆ ಹೇಗೆ ಬಂತು ಭಾವ ಅಂದಾಗ ಭಾವನ ಮುಖದಲ್ಲಿ ಭಾವವೇ ಇಲ್ಲ, ವಾಲ್ವ್ ಬದಲಾಯಿಸಿದ್ವಲ್ಲಪ್ಪ — ಯಾವ ವಾಲ್ವ್, ಹಳೆಯದು ಗುಜರಿಯಲ್ಲಿ ಕಾಣಲಿಲ್ಲ, ಹೊಸದು ಬಂದ ಪೆಟ್ಟಿಗೆಯೂ ಕಾಣಲಿಲ್ಲ. ಮತ್ತೆ ಉಬ್ಬಿತು. ಪ್ಲಾಸ್ಟಿಕ್ಕು! ಬಣ್ಣ ಮೆತ್ತಬಾರದೆಂದು, ಅನಿಲ ಮೂಸುವ ಸೆನ್ಸರ್‌ನ ತಲೆಗೆ ಬಿಗಿದು ಕಟ್ಟುವ ಹಳದಿ ಚೀಲ, ಬಣ್ಣದವರು ಬಿಚ್ಚಿಯೇ ಇಲ್ಲ, ಮೂಗು ಮುಚ್ಚಿದ ಸೆನ್ಸರ್ ಸೊನ್ನೆ ಎನ್ನದೆ ಇನ್ನೇನು ಎಂದೀತು, ಮರೆತರೋ ಮರೆಸಿದರೋ, ಟೋಪಿ ಹಾಕಿದ್ದು ಸೆನ್ಸರ್‌ಗೋ ನನಗೋ, ಕಟ್ಟಿನ ಕೆಳಗೆ ಜೋತ ಅಂಚು ಲಂಗದ ಹಾಗೆ ಉಬ್ಬುತ್ತಿದೆ, ಗಾಳಿಯಿರಬೇಕು, ಇರಲಪ್ಪ ಗಾಳಿಯೇ ಆಗಿರಲಿ, ಆದರೆ ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲ ಒದ್ದೆ ಕಾಲುಚೀಲದಂತೆ ನೇತಾಡುತ್ತಿದೆ, ಅಂದರೆ ಊದುತ್ತಿರುವುದು ಕೆಳಗಿನಿಂದ, ಬಾವಿಯೇ, ಪಕ್ಕದಲ್ಲೇ ವೆಲ್ಡರ್ ಕೂತಿದ್ದಾನೆ, ವಾಕಿಟಾಕಿಯಲ್ಲಿ ಭಾವ, ಸೊನ್ನೆ ಇದೆ, ಹಾಕಯ್ಯ ಬೆಸುಗೆ — ಒಂದು ಕಿಡಿ ಸಾಕು, ಭಾವನೂ ಅಲ್ಲೇ ನಿಂತಿದ್ದಾನೆ, ಗೊತ್ತಿದ್ದವನು ಹಾಗೆ ನಿಲ್ಲುತ್ತಾನೆಯೇ, ಹಾಗಾದರೆ ಗೊತ್ತಿಲ್ಲ, ಅಥವಾ ಎಂದಿನಂತೆ ಏನೂ ಆಗುವುದಿಲ್ಲ ಎಂಬ ಧೈರ್ಯ, ನನ್ನ ವಾಕಿಟಾಕಿ ಒತ್ತಿ ನಿಲ್ಸಿ, ನಿಲ್ಸಿ ಅಂದೆ, ವೆಲ್ಡರ್ ನಗುತ್ತಾನೆ, ಸಾರ್, ನಿಮ್ ಮಿಮಿಕ್ರಿ ಊಟದ ಹೊತ್ತಿಗೆ ಇಟ್ಕೊಳಿ, ಸಾಹೇಬ್ರೇ ಹಾಕು ಅಂದಿದಾರೆ, ಮುಖವಾಡ ಇಳಿಸಿದ, ಕೈ ಎತ್ತಿದ, ನನ್ನ ದನಿಗೆ ಬೆಲೆಯಿಲ್ಲ, ಸರಿ, ಜಲ್ಲಿ ಎಲ್ಲಿದೆ, ಗಂಟಲಿನ ಬುಡದಲ್ಲಿ, ಉರುಳಿಸು, ಟವಲು ಕೊಡೇ, ಅದೇ ದನಿ, ಏಯ್, ನಿಲ್ಸೋ! ದೂರ ಬಾರೋ ಅಲ್ಲಿಂದ! — ಕೈ ನಿಂತಿತು, ಎದ್ದ, ದೂರ ಸರಿದ, ಮುಖವಾಡ ಎತ್ತಿ ಭಾವನನ್ನೇ ನೋಡುತ್ತಿದ್ದಾನೆ, ಬಾಯಿ ತೆರೆಯದೆಯೇ ಕೂಗಿದ ಭಾವನನ್ನೇ ಎಲ್ಲರೂ ನೋಡುತ್ತಿದ್ದಾರೆ, ಭಾವ ಈಗ ನನ್ನ ಕಿಟಕಿಯತ್ತ ತಿರುಗಬೇಕು, ಬೈಯಬೇಕು, ಯಾಕೋ ಎಂದು ಕೇಳಬೇಕು, ತಿರುಗಲಿಲ್ಲ, ಕೇಳಲಿಲ್ಲ, ಚೀಲದ ಮಾತು ನಾನಿನ್ನೂ ಎತ್ತೇ ಇಲ್ಲ, ಆದರೂ ಇಷ್ಟು ದೊಡ್ಡ ಬಯಲಿನಲ್ಲಿ ಭಾವನ ಕಣ್ಣು ನೇರವಾಗಿ ಹೋಗಿ ನಿಂತದ್ದು ಅಲ್ಲೇ, ಆ ಹಳದಿ ಅಂಚು, ಉಬ್ಬಿತು, ಇಳಿಯಿತು, ಉಬ್ಬಿತು